ಹೊಳೆಬಾಗಿಲ ಆಚೆ

ಹೊಳೆಬಾಗಿಲಿನಲ್ಲಿ ಬಸ್ಸು ನಿಲ್ಲಲೇ ಇಲ್ಲ. ಸಾಗರದಿಂದ ಆವಿನಹಳ್ಳಿ ದಾಟಿ ಬಂದವರೆಲ್ಲ ಇಲ್ಲಿ ಇಳಿದು, ಆಚೆ ದಡದಲ್ಲಿ ನಿಂತ ಲಾಂಚ್ ಯಾವಾಗ ಹೊರಡುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾ ಕಾಯುವುದು ರೂಢಿಯಾಗಿತ್ತು. ನನ್ನ ಕೈ ಹಳೆಯ ಅಭ್ಯಾಸದಿಂದ ಚೀಲಕ್ಕೆ ಹೋಯಿತು. ಪಕ್ಕದಲ್ಲಿದ್ದ ಹೆಂಗಸು, "ಕುಳಿತುಕೊಳ್ಳಿ, ಈಗ ಇಳಿಯುವ ಕೆಲಸ ಇಲ್ಲ" ಎಂದು ನಕ್ಕರು. ಕಿಟಕಿಯಾಚೆ ದಪ್ಪ ಕೇಬಲ್ಲುಗಳು ಒಂದೊಂದಾಗಿ ಹಿಂದೆ ಸರಿದವು. ಲಾಂಚಿಗಾಗಿ ಅರ್ಧ ದಿನ ಕಳೆದದ್ದೂ ಉಂಟು, ಈಗ 2.44 ಕಿಲೋಮೀಟರ್ ಸೇತುವೆ ಒಂದು ಎಲೆಯಡಿಕೆ ಮಡಿಚಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯಿತು. 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ನಾನು ಈ ಕಡೆ ಬಂದದ್ದು ಇದೇ ಮೊದಲು.

ಮಾರ್ಚ್ ಕೊನೆಯ ವಾರ. ಹಿನ್ನೀರು ಇಳಿದಿತ್ತು. ದಡದ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಬಯಲಾಗಿ, ಅಲ್ಲಲ್ಲಿ ಕಪ್ಪು ಬೊಡ್ಡೆಗಳು ತಲೆ ಎತ್ತಿದ್ದವು. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅರುವತ್ತು ವರ್ಷ ನೀರಿನಲ್ಲಿ ನಿಂತ ಮರಗಳ ಬುಡ ಇನ್ನೂ ಕೊಳೆತಿಲ್ಲ. ಈ ನೀರು ಊರು, ಗದ್ದೆ, ತೋಟಗಳನ್ನಷ್ಟೇ ಮುಳುಗಿಸಲಿಲ್ಲ. ಅದಕ್ಕೂ ಮೊದಲು ಇದೇ ಶರಾವತಿಗೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯನ್ನೂ ನುಂಗಿತು. ಮಳೆ ಕೈಕೊಟ್ಟ ವರ್ಷ ಅದು ಹಾಗೆಯೇ ಮೇಲೆದ್ದು ಬರುತ್ತದೆ, ಜನ ಜಾತ್ರೆಗೆ ಹೋದಂತೆ ನೋಡಲು ಹೋಗುತ್ತಾರೆ. ನಾಡಿಗೆ ಬೆಳಕು ಕೊಟ್ಟವರು ಕತ್ತಲೆಯಲ್ಲಿ ಉಳಿದರು ಎಂಬ ಮಾತನ್ನು ಭಾಷಣಕಾರರು ಸವೆಸಿ ಸವೆಸಿ ತೆಳುವಾಗಿಸಿದ್ದಾರೆ. ಆದರೂ ಮೂರು ಕಡೆ ನೀರು, ಒಂದು ಕಡೆ ಘಟ್ಟ ಎಂಬಂತಾದ ಕರೂರು ಸೀಮೆಯಲ್ಲಿ ಹೆರಿಗೆ ನೋವು ಬಂದವಳನ್ನು ಲಾಂಚ್ ನಿಂತ ಮೇಲೆ ಹೇಗೆ ದಾಟಿಸಿದರು ಎಂಬ ಕಥೆ ಇಲ್ಲದ ಮನೆ ಕಡಿಮೆ. ಸೇತುವೆ ಬೇಡವಾಗಿತ್ತು ಎನ್ನುವವರು ಮೊದಲು ಆ ಕಥೆ ಕೇಳಬೇಕು.

ನಾನು ಹೊರಟದ್ದು ಒಂದು ವಿಚಿತ್ರ ಕೆಲಸಕ್ಕೆ. ಗೆಳೆಯನ ದೊಡ್ಡಪ್ಪ ಫೋನ್ ಮಾಡಿ, "ಊರವರು ಸೇರಿ ಒಂದು ಪುಸ್ತಕ ಬರೆಯುತ್ತಿದ್ದೇವೆ. ನೀನು ಬಂದು ಕಾಗುಣಿತ ತಿದ್ದಿಕೊಟ್ಟು ಹೋಗು" ಎಂದಿದ್ದರು. ಪುಸ್ತಕವೆಂದರೆ ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಊರಿನ ಲೆಕ್ಕ' ಎಂದಿತ್ತು. ಮೊದಲ ಪುಟಗಳಲ್ಲಿ ಊರಿನ ಅಪ್ಪೆಮಿಡಿ ಮರಗಳ ಪಟ್ಟಿ, ಯಾವ ಹಳ್ಳದ ಪಕ್ಕ, ಯಾರ ಹಿಸ್ಸೆ ಎಂಬ ವಿವರ. ಆಮೇಲೆ ಒರತೆಗಳು, ಬೇಸಿಗೆಯಲ್ಲಿ ಬತ್ತುವುದು ಯಾವುದು, ಬತ್ತದ್ದು ಯಾವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇಂಥ ದಾಖಲೆ ಇಡಲು ಒಂದು ಸಮಿತಿ ಇರಬೇಕು. "ಸಮಿತಿ ಇದೆಯಪ್ಪ, ಕಾಗದದಲ್ಲಿ. ಅದರಲ್ಲಿ ನಾನೂ ಸದಸ್ಯ ಎಂದು ನನಗೆ ಗೊತ್ತಾದದ್ದು ಹೋದ ವರ್ಷ" ಎಂದರು ದೊಡ್ಡಪ್ಪ. ರಾತ್ರಿ ಊಟಕ್ಕೆ ಅಪ್ಪೆಹುಳಿ ಇತ್ತು. ಅದನ್ನು ಅನ್ನಕ್ಕೆ ಕಲಸಿಕೊಳ್ಳುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಲೋಟದಲ್ಲಿ ಕುಡಿದು ಮಲಗುವ ಪದಾರ್ಥ.

ಬೆಳಿಗ್ಗೆ ಬೆಟ್ಟಕ್ಕೆ ಹೊರಡುವ ಮುನ್ನ ದೊಡ್ಡಮ್ಮ ಒಂದು ಎಣ್ಣೆ ಬಾಟಲಿ ತಂದು ಕಾಲಿಗೆ, ಕೈಗೆ ಸವರಿಕೊಳ್ಳಲು ಹೇಳಿದರು. ಉಣುಗಿನ ಕಾಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಬೇಸಿಗೆಯಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರನ್ನು ಅದು ಬಲಿ ತೆಗೆದುಕೊಂಡಿತು. ಅಂದಿನಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಹೋಗುವವರು ಎಣ್ಣೆ ಮರೆಯುವುದಿಲ್ಲ. ಕಾಡಿನ ಚೆಂದ ಬರೆಯುವ ನಮ್ಮಂಥವರು ಈ ಎಣ್ಣೆಯ ವಾಸನೆಯನ್ನೂ ಬರೆಯಬೇಕು.

ಹಳ್ಳದ ಅಂಚಿನ ಮರದಲ್ಲಿ ಮಿಡಿ ಕೊಯ್ಲು ನಡೆದಿತ್ತು. ಆಳೆತ್ತರವಲ್ಲ, ಎಂಟಾಳೆತ್ತರದ ಮರ. ಮೇಲೆ ಹತ್ತಿದವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಗೊಂಚಲನ್ನು ತೊಟ್ಟಿನ ಸಮೇತ ಮುರಿದು ಬುಟ್ಟಿಗೆ ಹಾಕಿ ಇಳಿಬಿಡುತ್ತಿದ್ದ. ಕೆಳಗೆ ದೊಡ್ಡಪ್ಪ ಒಂದು ಮಿಡಿ ಎತ್ತಿ ತೊಟ್ಟು ಚಿವುಟಿದರು. ಸೊನೆ ಚಿಮ್ಮಿ ನನ್ನ ಕನ್ನಡಕಕ್ಕೆ ತಾಗಿತು. ಜೀರಿಗೆಯ ಪರಿಮಳ ಮೂಗಿಗೆ ಹೊಡೆಯಿತು. ಒರೆಸಿದರೂ ಆ ವಾಸನೆ ಮನೆಗೆ ಬರುವವರೆಗೂ ಹೋಗಲಿಲ್ಲ. ಈ ಸೊನೆಯೇ ಉಪ್ಪಿನಕಾಯಿಯನ್ನು ವರ್ಷಗಟ್ಟಲೆ ಕಾಯುವುದಂತೆ. ಆದ್ದರಿಂದಲೇ ತೊಟ್ಟು ಕಳಚಿದ, ನೆಲಕ್ಕೆ ಬಿದ್ದು ಗಾಯವಾದ ಮಿಡಿಗೆ ಬೆಲೆ ಇಲ್ಲ.

"ಹತ್ತಲು ಬಾರದವರು ಕೊಂಬೆಯನ್ನೇ ಕಡಿದು ಕೆಡವುತ್ತಿದ್ದರು. ಬೇರೆಯವರ ಮಾತಲ್ಲ, ನಮ್ಮಣ್ಣನೇ ಕಡಿಸಿದ್ದ" ಎಂದರು ದೊಡ್ಡಪ್ಪ. ಅಪ್ಪೆ ಹೊಳೆಯಂಚಿನ ಮರ. ಎಷ್ಟೋ ಒಳ್ಳೆಯ ತಳಿಗಳು ಮುಳುಗಡೆಯಲ್ಲೇ ಹೋದವು. ಉಳಿದವುಗಳಲ್ಲಿ ಕೆಲವು ಕೊಡಲಿಗೆ ಹೋದವು. ಕಸಿ ಕಟ್ಟುವವರು ಹುಟ್ಟಿಕೊಂಡದ್ದರಿಂದ ಅನಂತಭಟ್ಟನ ಅಪ್ಪೆಯಂಥ ಹೆಸರಾದ ತಳಿಗಳು ಈಗ ಮನೆಯ ಹಿತ್ತಿಲಿಗೆ ಬಂದಿವೆ. ನೋಟ್‌ಬುಕ್ಕಿನ ಮರದ ಪಟ್ಟಿಯಲ್ಲಿ ಒಂದೊಂದು ಹೆಸರಿನ ಮುಂದೆ 'ಕಸಿ ಆಗಿದೆ', 'ಆಗಬೇಕು' ಎಂದು ಬರೆದದ್ದಕ್ಕೆ ಅರ್ಥ ಆಗ ತಿಳಿಯಿತು.

ಅಲ್ಲಿಂದ ಮೇಲೆ ಸೊಪ್ಪಿನಬೆಟ್ಟ. ಅಡಿಕೆ ತೋಟದ ಗೊಬ್ಬರಕ್ಕೆಂದು ಸೊಪ್ಪು, ದರಕು ತರಲು ತೋಟದವರಿಗೆ ಬಿಟ್ಟ ಕಾಡು ಅದು. ಕಾಡು ಅವರದಲ್ಲ, ಸೊಪ್ಪು ಅವರದು ಎಂಬ ನಾಜೂಕಿನ ಹಕ್ಕು. ಒಂದು ಬೆಟ್ಟದಲ್ಲಿ ಮರಗಳೆಲ್ಲ ಬೋಳು ಕಂಬಗಳಂತೆ ನಿಂತು, ತುದಿಯಲ್ಲಿ ಮಾತ್ರ ನಾಲ್ಕು ಎಲೆ. ಪಕ್ಕದ ಬೆಟ್ಟದಲ್ಲಿ ಕೆಳಗಿನ ಕೊಂಬೆಗಳನ್ನಷ್ಟೇ ಸವರಿ ನೆತ್ತಿ ಬಿಟ್ಟಿದ್ದರಿಂದ ನೆರಳು ದಟ್ಟವಾಗಿತ್ತು, ಕಾಲಡಿಯ ಮಣ್ಣು ತಣ್ಣಗಿತ್ತು. ಎರಡರ ನಡುವೆ ಇದ್ದದ್ದು ಕಂದಕದಂಥ ಅಗಳ ಒಂದೇ. ನಲವತ್ತು ವರ್ಷಗಳ ಹಿಂದೆ, 1983ರಲ್ಲಿ, ಶಿರಸಿ ಕಡೆ ಸಲ್ಕಣಿಯವರು ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿಯ ಘೋಷಣೆಯಲ್ಲಿ ಮೂರು ಮಾತಿದ್ದವು: ಉಳಿಸು, ಬೆಳೆಸು, ಬಳಸು. ಪೇಟೆಯ ನಾವು ಮೊದಲ ಮಾತನ್ನು ಇಟ್ಟುಕೊಂಡು ಕೊನೆಯದನ್ನು ಮರೆತೆವು. ಊರಿನಲ್ಲಿ ಕೆಲವರು ಕೊನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಮರೆತರು.

ಇಳಿಯುವಾಗ ಅಕೇಶಿಯಾ ನೆಡುತೋಪಿನ ಒಳಗೇ ಬಂದೆವು. ಕಾಗದದ ಕಾರ್ಖಾನೆಗೆಂದು ಜಿಲ್ಲೆಯ ಉದ್ದಗಲಕ್ಕೂ ಬೆಳೆಸಿದ ಮರ. ಹಕ್ಕಿಯ ಸದ್ದೂ ಇರಲಿಲ್ಲ. ಅದರ ಬಗ್ಗೆ ಹೆಚ್ಚೇನೂ ಬರೆಯಬೇಕೆನಿಸುವುದಿಲ್ಲ.

ಮಧ್ಯಾಹ್ನ ದೀವರ ಕೇರಿಯ ಒಂದು ಮನೆಗೆ ಹೋದೆವು. ಅಜ್ಜಿ ಜಗಲಿಯ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಚಿತ್ತಾರದ ಗೆರೆ ಎಳೆಯುತ್ತಿದ್ದರು. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು. ಹಳದಿಗೆ ಗುರಿಗೆ ಕಾಯಿ ಬೇಕು, ಅದು ಈಗ ಹತ್ತಿರದಲ್ಲಿ ಸಿಗುವುದಿಲ್ಲ. ಉಸಿರು ಬಿಗಿಹಿಡಿದು ಒಂದು ಮಾರಿನುದ್ದ ಗೆರೆ ಎಳೆದು ಮುಗಿಸಿದ ಮೇಲೆಯೇ ಅವರು ನಮ್ಮ ಕಡೆ ತಿರುಗಿದ್ದು. "ಸೇತುವೆ ಆದ ಮೇಲೆ ದೇವಸ್ಥಾನಕ್ಕೆ ಬಂದವರು ಈ ಗೋಡೆಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಬ್ಬರೂ ಕುಳಿತು ನೋಡಲಿಲ್ಲ" ಎಂದರು. ಸಿಗಂದೂರಿನ ದಾರಿಯಲ್ಲವೇ. ರಜೆ ಬಂತೆಂದರೆ ಕಾರುಗಳ ಸಾಲು, ಅದರ ಹಿಂದೆ ನೀರಿನ ಬಾಟಲಿ, ತಟ್ಟೆಗಳ ಸಾಲು.

ಸಂಜೆ ಸಭೆ. ಜಗಲಿಯ ತುಂಬ ಜನ, ಬೆಲ್ಲದ ಕಾಫಿ, ಮಧ್ಯದಲ್ಲಿ ನೋಟ್‌ಬುಕ್. ನನಗೆ ಕೆಂಪು ಪೆನ್ನು ಕೊಟ್ಟು ಕೂರಿಸಿದರು. ಮೊದಲು ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿನ ವಿಚಾರ. ಮೈ ಕರಗಿಸುವ ಮಾತ್ರೆಗೆಂದು ಇದರ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದ ಕಾಲದಲ್ಲಿ ಎಳೆಕಾಯಿಯನ್ನೇ ಕೊಂಬೆ ಸಮೇತ ಇಳಿಸಿದ್ದುಂಟು. ಮಳೆಗಾಲದ ಬೆಳೆಯಾದ್ದರಿಂದ ಬಿಸಿಲಿಲ್ಲ, ಹೊಗೆ ಅಟ್ಟದಲ್ಲೇ ಒಣಗಬೇಕು. ಸಿಪ್ಪೆಗೆ ಬಂದ ದುಡ್ಡಿಗಿಂತ ಹೆಚ್ಚು ಸೌದೆ ಒಲೆಗೆ ಹೋಗುತ್ತಿತ್ತು. ಹಣ್ಣಾದದ್ದನ್ನೇ ಕೊಯ್ಯುವುದು, ನಾಲ್ಕು ಮನೆಗೆ ಒಂದು ಒಳ್ಳೆಯ ಒಲೆ ಎಂದು ತೀರ್ಮಾನವಾಯಿತು. ಹೋಂಸ್ಟೇ ಇರುವ ಮನೆಯವರೇ, ದಡದಲ್ಲಿ ಜೆಸಿಬಿ ಇಳಿಸುವಂತಿಲ್ಲ ಎಂದು ಬರೆಸಿದರು. ಇಲ್ಲಿಯವರೆಗೆ ಎಲ್ಲ ಸಲೀಸು.

ಆಮೇಲೆ ಕಾವೇರಿತು. ಪಶ್ಚಿಮ ಘಟ್ಟದ ಕುರಿತ ಗಾಡ್ಗೀಳ್ ಸಮಿತಿಯ 2011ರ ವರದಿಯಲ್ಲಿ ಗ್ರಾಮಸಭೆಗಳೇ ತೀರ್ಮಾನಿಸಲಿ ಎಂಬ ಮಾತಿತ್ತು. ಊರಿಗೆ ಬಂದು ಮುಟ್ಟಿದ್ದು ಮಾತ್ರ ಮನೆ ಕಟ್ಟುವಂತಿಲ್ಲ, ದನ ಮೇಯಿಸುವಂತಿಲ್ಲ ಎಂಬ ಗುಲ್ಲು. ಕಸ್ತೂರಿರಂಗನ್ ವರದಿ ಬಂತು, ಕರಡು ಅಧಿಸೂಚನೆಗಳು ಬಂದವು, 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯ ಸಿಂಗಳೀಕದ ಹೆಸರಿನಲ್ಲಿ 930 ಚದರ ಕಿಲೋಮೀಟರಿಗೆ ಹಿಗ್ಗಿತು. ಅದೇ ಕಣಿವೆಯಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಮತ್ತೆ ಕೆಳಗೆ ಬಿಟ್ಟು 2,000 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಯೂ ಬಂತು. "ನಾವು ಸೊಪ್ಪು ಕಡಿದರೆ ಕೇಸು, ಅವರು ಸುರಂಗ ಕೊರೆದರೆ ಪ್ರಗತಿ" ಎಂದು ಒಬ್ಬರು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆದರೆ ಬೆಳಿಗ್ಗೆ ನೋಡಿದ ಬೋಳು ಬೆಟ್ಟದ ಯಜಮಾನರೇ ಆ ಮಾತು ಹೇಳಿದ್ದು ಎಂದು ದೊಡ್ಡಪ್ಪ ಆಮೇಲೆ ಕಿವಿಯಲ್ಲಿ ಹೇಳಿದರು.

ಕೊನೆಯದು ಜಾಗ ಮಾರುವ ವಿಚಾರ. ಹೊರಗಿನವರಿಗೆ ದಡದ ಜಾಗ ಕೊಡುವ ಮುನ್ನ ಊರಿಗೆ ತಿಳಿಸಬೇಕು ಎಂದು ಬರೆಯಲು ಹೊರಟಾಗ ಬೆಂಗಳೂರಿನ ಕೆಲಸ ಬಿಟ್ಟು ಬಂದ ಹುಡುಗನೊಬ್ಬ ಎದ್ದ. "ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಮೂರು ವರ್ಷವಾಯಿತು. ಸೊಸೈಟಿ ಸಾಲ ಹಾಗೇ ಇದೆ. ನನ್ನ ಜಾಗ ಮಾರಲು ಸಭೆ ಯಾಕೆ?" ಯಾರೂ ಮಾತಾಡಲಿಲ್ಲ. ಕಂಬಕ್ಕೆ ಒರಗಿ ಕುಳಿತಿದ್ದ ಚಿತ್ತಾರದ ಅಜ್ಜಿ, "ನಿನಗೆ ಮಾರಲಿಕ್ಕಾದರೂ ಇದೆ ತಮ್ಮಾ. ನಾವು ಮುಳುಗಡೆಯಾಗಿ ಬಂದು ಕುಳಿತ ಜಾಗಕ್ಕೆ ಇನ್ನೂ ಹಕ್ಕುಪತ್ರವೇ ಬಂದಿಲ್ಲ" ಎಂದರು. ಜಗಳದ ದನಿಯಲ್ಲ, ಲೆಕ್ಕ ಹೇಳುವ ದನಿ. ಹುಡುಗ ಕುಳಿತ. ಒಪ್ಪಿದ ಎಂದಲ್ಲ. ಆ ಪುಟವನ್ನು ಖಾಲಿ ಬಿಟ್ಟು, ಮುಂದಿನ ಹುಣ್ಣಿಮೆಗೆ ಮತ್ತೆ ಸೇರುವುದೆಂದಾಯಿತು. ಖಾಲಿ ಪುಟದಲ್ಲಿ ತಿದ್ದಲು ಏನೂ ಇರಲಿಲ್ಲ. ಇಡೀ ನೋಟ್‌ಬುಕ್ಕಿನಲ್ಲಿ ನನಗೆ ಹೆಚ್ಚು ನಂಬಿಕೆ ಬಂದದ್ದು ಅದೇ ಪುಟದ ಮೇಲೆ.

ಮರುದಿನ ಭಾನುವಾರ. ಸೇತುವೆಯ ಕಳಸವಳ್ಳಿ ತುದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೈಸ್ಕೂಲು ಹುಡುಗನೊಬ್ಬ ಮರದ ನೆರಳಿನಲ್ಲಿ ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಸೇತುವೆ ದಾಟಿ ಬರುವ ವಾಹನಗಳಿಗೆ ಗೆರೆ ಎಳೆಯುತ್ತಿದ್ದ. ನಾಲ್ಕು ಗೆರೆ, ಐದನೆಯದು ಅಡ್ಡ. ಊರಿನ ಲೆಕ್ಕಕ್ಕೆ ಸೇರುವ ಪುಟ. ಎಷ್ಟು ಕಸದ ತೊಟ್ಟಿ, ಎಷ್ಟು ಶೌಚಾಲಯ ಬೇಕೆಂದು ಕೇಳಲು ಮೊದಲು ಇದು ಬೇಕಲ್ಲ. ಕಾರಿನ ಸಾಲು ಆಗಲೇ ಪುಟದ ಅಂಚು ಮುಟ್ಟಿತ್ತು. ಬಸ್ಸಿಗೆ ಸಾಲೇ ಇರಲಿಲ್ಲ.

"ಬಸ್ಸನ್ನು ಬರೆಯುವುದಿಲ್ಲವೇನೋ?"

"ಬಸ್ಸು ನಮ್ಮದಲ್ಲವಾ ಸಾರ್" ಎಂದ, ತಲೆ ಎತ್ತದೆ.

ಮೂರನೆಯ ಸಾಲಿನ ಮೇಲೆ 'ಟೆಂಪು' ಎಂದು ಬರೆದಿದ್ದ. ತಿದ್ದೋಣವೆಂದು ಜೇಬಿನ ಕೆಂಪು ಪೆನ್ನು ತೆಗೆದೆ. ಅಷ್ಟರಲ್ಲಿ ಬಸ್ಸು ಬಂತು.