ಸ್ಪ್ಯಾನಿಷ್‌ನ 'ಸೆ' ಕಲಿಯೋಕೆ ಇಂಗ್ಲಿಷ್ ಬೇಡ, ನಮ್ಮ 'ಲಾಗಿದೆ' ಸಾಕು

ಬೆಳಗಾವಿಯಲ್ಲಿ ನನಗೆ ಗೊತ್ತಿರುವ ನಾಲ್ಕಾರು ಹುಡುಗ ಹುಡುಗಿಯರು ಮೊಬೈಲಿನಲ್ಲೇ ಸ್ಪ್ಯಾನಿಷ್ ಕಲಿಯುತ್ತಿದ್ದಾರೆ. ಚೆನ್ನಾಗಿಯೇ ಕಲಿಯುತ್ತಾರೆ, ಆದರೆ ಕ್ರಿಯಾಪದದ ಜೊತೆ ಬರುವ 'ಸೆ' ಅನ್ನುವ ಪುಟ್ಟ ಪದ ಬಂತು ಅಂದರೆ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಅವರ ತಪ್ಪಲ್ಲ ಅದು. ಎಲ್ಲಾ ಕಡೆ ಅದನ್ನು ಇಂಗ್ಲಿಷ್‌ನ ಪ್ಯಾಸಿವ್ ವಾಯ್ಸ್ ಮೂಲಕ ಹೇಳಿಕೊಡುತ್ತಾರೆ. ಕನ್ನಡದವರಿಗೆ ಅಷ್ಟು ಸುತ್ತು ಬೇಕಾಗಿಯೇ ಇಲ್ಲ.

ಸರ್ಕಾರಿ ಆಫೀಸಿನ ಗೋಡೆ ನೋಡಿ. 'ಇಲ್ಲಿ ಧೂಮಪಾನ ನಿಷೇಧಿಸಲಾಗಿದೆ.' ಯಾರು ನಿಷೇಧಿಸಿದರು? ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಸ್ಪ್ಯಾನಿಷ್‌ನಲ್ಲಿ ಇದೇ ಬೋರ್ಡು 'ಸೆ ಪ್ರೋಈಬೆ ಫುಮಾರ್' ಅಂತ ಇರುತ್ತದೆ. ಮಾಡಿದವರನ್ನು ಮರೆಗೆ ಸರಿಸಿ ಕೆಲಸವನ್ನಷ್ಟೇ ಮುಂದಿಡುವುದು, ಇದೇ ಇಲ್ಲಿ 'ಸೆ' ಮಾಡುವ ಕೆಲಸ.

ಈಗ ನಿಜವಾಗಿ ಗಮನ ಕೊಡಬೇಕಾದ ಜಾಗ. ಪೊಲೀಸರು ಸಾಕ್ಷಿಗಳನ್ನು ಹುಡುಕುತ್ತಿದ್ದಾರೆ ಅಂದುಕೊಳ್ಳಿ. ಪೇಪರಿನಲ್ಲಿ 'ಸಾಕ್ಷಿಗಳನ್ನು ಹುಡುಕಲಾಗುತ್ತಿದೆ' ಅಂತ ಬರೆಯುತ್ತಾರೆ. ಸಾಕ್ಷಿಗಳು ಎಷ್ಟೇ ಜನ ಇರಲಿ, ಕ್ರಿಯಾಪದ ಏಕವಚನದಲ್ಲೇ ಉಳಿಯಿತು, ಯಾಕಂದರೆ 'ಅನ್ನು' ಬಂದು ಸಾಕ್ಷಿಗಳನ್ನು ಕರ್ಮ ಮಾಡಿಬಿಟ್ಟಿದೆ, ವಾಕ್ಯಕ್ಕೆ ಕರ್ತೃವೇ ಇಲ್ಲ. ಸ್ಪ್ಯಾನಿಷ್ ಕೂಡ ಥೇಟ್ ಹೀಗೇ ಮಾಡುತ್ತದೆ: 'ಸೆ ಬುಸ್ಕಾ ಆ ಲೋಸ್ ತೆಸ್ತೀಗೋಸ್'. ಆ ನಡುವಿನ 'ಆ' ಇಲ್ಲಿ ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತಿದೆ. ಗೊತ್ತಿರುವ, ಇಂಥವರೇ ಎನ್ನುವ ಮನುಷ್ಯರು ಕರ್ಮವಾದರೆ ಈ 'ಆ' ಬರುತ್ತದೆ, ಕ್ರಿಯಾಪದ 'ಬುಸ್ಕಾ' ಅಂತ ಏಕವಚನದಲ್ಲೇ ಇರುತ್ತದೆ. ಇದನ್ನೇ ನಿರ್ವ್ಯಕ್ತಿಕ 'ಸೆ' ಅನ್ನುವುದು. 'ಸೆ ಬೀಬೆ ಬ್ಯೆನ್ ಆಕೀ', ಅಂದರೆ 'ಇಲ್ಲಿ ಆರಾಮಾಗಿ ಬದುಕಬಹುದು', ಅದೂ ಇದೇ ಜಾತಿ.

ಆದರೆ ವಸ್ತುಗಳ ವಿಷಯ ಬಂದಾಗ ದಾರಿ ಬೇರೆ. ಟಿಳಕವಾಡಿ ಕಡೆ ಕಾಣುವ 'ರೂಂ ಬಾಡಿಗೆಗೆ ಇದೆ' ಬೋರ್ಡನ್ನೇ ತೆಗೆದುಕೊಳ್ಳಿ. ಒಂದು ರೂಂ ಇದ್ದರೆ 'ಸೆ ಆಲ್ಕೀಲಾ ಆಬಿತಾಸಿಯೋನ್'. ಜಾಸ್ತಿ ಇದ್ದರೆ 'ಸೆ ಆಲ್ಕೀಲಾನ್ ಆಬಿತಾಸಿಯೋನೆಸ್'. ಇಲ್ಲಿ ರೂಮುಗಳೇ ಕರ್ತೃ, ಹಾಗಾಗಿ ಕ್ರಿಯಾಪದವೂ ಬಹುವಚನಕ್ಕೆ ಹೋಗಲೇಬೇಕು. ನಮ್ಮ 'ಲಾಗುತ್ತದೆ' ಹೀಗೆ ಬದಲಾಗುವುದಿಲ್ಲ, ಮೇಲಾಗಿ ಮಾತಿನಲ್ಲಿ ನಾವು 'ಎರಡು ರೂಂ ಖಾಲಿ ಐತಿ' ಅಂತ ಏಕವಚನದಲ್ಲೇ ಮುಗಿಸುತ್ತೇವೆ. ಅದಕ್ಕೇ ಕನ್ನಡದವರಿಗೆ ಇಲ್ಲಿ ಜಾರುವುದು ಸುಲಭ. ಬಹುವಚನದ 'ನ್' ಒಂದನ್ನು ಬಾಯಿಪಾಠ ಮಾಡಿದರೂ ನಷ್ಟವಿಲ್ಲ.

ಹಾಗಾದರೆ ಶಾಲೆಯಲ್ಲಿ ಕಲಿತ 'ಕಟ್ಟಲ್ಪಟ್ಟಿತು' ಥರದ ಕರ್ಮಣಿ ಸ್ಪ್ಯಾನಿಷ್‌ನಲ್ಲಿ ಇಲ್ವಾ? ಇದೆ. ವಿಜಯಪುರದ ಗೋಳಗುಮ್ಮಟ 17ನೇ ಶತಮಾನದಲ್ಲಿ ಕಟ್ಟಿದ್ದು ಅನ್ನಲು 'ಫ್ವೆ ಕೋನ್ಸ್ತ್ರುಈದೋ' ಅನ್ನಬಹುದು. ಕೋಟೆಯ ಬಾಗಿಲಾದರೆ ಆ ಪದ ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗ, ಆಗ 'ಕೋನ್ಸ್ತ್ರುಈದಾ'. ಯಾರಿಂದ ಅಂತ ಹೇಳಬೇಕಾದರೆ 'ಪೋರ್' ಸೇರಿಸಬೇಕು. ಇದು ಪುಸ್ತಕ, ಪೇಪರಿನಲ್ಲಿ ಜಾಸ್ತಿ. ಮಾತಿನಲ್ಲಿ ಕಡಿಮೆ, ನಮ್ಮ 'ಲ್ಪಟ್ಟಿತು' ಹಾಗೆಯೇ ಅಲ್ವಾ?

ಇನ್ನೊಂದು ದಾರಿ ತುಂಬಾ ಸಲೀಸು. 'ಮಳಿ ಬರ್ತದ ಅಂತಾರ' ಅಂದಾಗ ಯಾರು ಅಂತಾರೆ ಅಂತ ಯಾರೂ ಕೇಳುವುದಿಲ್ಲ. ಸ್ಪ್ಯಾನಿಷ್‌ನವರೂ ಹಾಗೇ, 'ದೀಸೆನ್ ಕೆ ಬಾ ಆ ಯೊಬೇರ್' ಅಂದು ಮುಂದೆ ಹೋಗುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಬೇರೆ. 'ನನಗೆ ಮರೆತುಹೋಯಿತು' ಅನ್ನುವಾಗ ನಾವು 'ನಾನು' ಅನ್ನದೆ 'ನನಗೆ' ಅನ್ನುತ್ತೇವೆ. 'ಸೆ ಮೆ ಓಲ್ಬಿದೋ' ಅನ್ನುವುದರಲ್ಲೂ 'ಮೆ' ಅಂದರೆ 'ನನಗೆ'. ಬೇಕಂತ ಮಾಡಿದ್ದಲ್ಲ, ತಾನಾಗೇ ಆಯಿತು ಅನ್ನುವ ಭಾವ ಎರಡರಲ್ಲೂ ಇದೆ. ಲೋಟ ಕೈಜಾರಿದಾಗಲೂ ಇದೇ: 'ಸೆ ಮೆ ಕಯ್ಯೋ ಎಲ್ ಬಾಸೋ'. ಇಂಗ್ಲಿಷ್ ದಾರಿಯಿಂದ ಬಂದವರಿಗೆ ಇದಕ್ಕೆ ಬೇರೆಯೇ ಪಾಠ ಬೇಕಾಗುತ್ತದೆ. ನಮಗೆ ಅದು ಮನೆಯಲ್ಲಿ ದಿನಾ ಆಡುವ ಮಾತು.

ಒಂದು ಕಡೆ ಮಾತ್ರ ನಿರ್ವ್ಯಕ್ತಿಕ 'ಸೆ' ನಡೆಯುವುದಿಲ್ಲ. 'ಏಳುವುದು' ಅನ್ನುವ 'ಲೆಬಾಂತಾರ್‌ಸೆ' ಥರದ ಕ್ರಿಯಾಪದದಲ್ಲಿ ಮೊದಲೇ ಒಂದು 'ಸೆ' ಇದೆ. ಅದರ ಮೇಲೆ ಇನ್ನೊಂದು ಹಾಕುವಂತಿಲ್ಲ. ಆಗ 'ಯಾರಾದರೂ ಒಬ್ಬರು' ಅನ್ನುವ ಅರ್ಥದ 'ಊನೋ' ತಂದು 'ಊನೋ ಸೆ ಲೆಬಾಂತಾ ತೆಂಪ್ರಾನೋ', ಅಂದರೆ 'ಬೇಗ ಏಳುತ್ತಾರೆ', ಅನ್ನಬೇಕು.