ಗದಗಿನಲ್ಲಿ ಕೋಣೆ ಹಿಡಿಯುವ ಮುಂಚೆ ಮಾಳಿಗೆ ಹತ್ತಿ ನೀರಿನ ಟಾಕಿ ನೋಡಿ
ಹುಬ್ಬಳ್ಳಿಯಿಂದ ಗದಗ, ಲಕ್ಕುಂಡಿ, ಮಾಗಡಿ ಕೆರೆಗೆ ಹೊರಟವರು ಲಾಡ್ಜ್ ಹುಡುಕುವಾಗ ಸೊಳ್ಳೆಗೆ ಹೆದರಿ ಪಕ್ಕದಲ್ಲಿ ಗಟಾರ ಇದೆಯೇ ಅಂತ ನೋಡುತ್ತಾರೆ. ಗಟಾರದಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಅದರಿಂದ ಮಲೇರಿಯಾ ಬರುವುದಿಲ್ಲ. ನಮ್ಮ ದೇಶದ ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ತಿಳಿನೀರು ಬೇಕು: ಬಾವಿ, ಕಟ್ಟಡ ಕೆಲಸದ ತೊಟ್ಟಿ, ಮುಚ್ಚಳ ಇಲ್ಲದ ಟಾಕಿ.

ಬಸ್ ನಿಲ್ದಾಣದ ಹತ್ತಿರ 1,400 ರೂಪಾಯಿ ಕಿತ್ತ ಲಾಡ್ಜೊಂದರ ಟಾಕಿಗೆ ಮುಚ್ಚಳದ ಬದಲು ತಗಡಿನ ತುಂಡು ಇತ್ತು. ಬ್ಯಾಟರಿ ಬಿಟ್ಟು ನೋಡಿದರೆ ಸೊಳ್ಳೆಮರಿಗಳು ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದವು. ಅದೇ ಅನಾಫಿಲಿಸ್ ಗುರುತು; ಕ್ಯೂಲೆಕ್ಸ್ ಮರಿ ತಲೆ ಕೆಳಗಾಗಿ ಓರೆಯಾಗಿ ತೂಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 10 ದಿನ. ವಾರಕ್ಕೊಮ್ಮೆ ಟಾಕಿ ಬರಿದು ಮಾಡಿ ಗೋಡೆ ತಿಕ್ಕಿದ್ದರೆ ಸಾಕಿತ್ತು. ಇಂಥಲ್ಲಿ ಕೋಣೆ ಬದಲಿಸಿ ಉಪಯೋಗವಿಲ್ಲ, ಲಾಡ್ಜನ್ನೇ ಬಿಡಿ.

ಎಲ್ಲಿ ಉಳಿದರೂ ಔಷಧ ಲೇಪಿಸಿದ ಮಚ್ಚರದಾನಿ ಒಯ್ಯಿರಿ. ಲಾಡ್ಜುಗಳಲ್ಲಿ ಕೊಕ್ಕೆ ಇರುವುದಿಲ್ಲ. ಮೂಲೆಗೆ 3 ಮೀಟರಿನಂತೆ ನೈಲಾನ್ ದಾರ ಬೇಕು, ಕಿಟಕಿ ಸರಳಿಗೋ ಬಾಗಿಲ ಚಿಲಕಕ್ಕೋ ಕಟ್ಟಬಹುದು. ಅಂಚನ್ನು ಗಾದಿಯ ಅಡಿಗೆ ಸಿಕ್ಕಿಸಿ. ಮೊಣಕೈ ಪರದೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಚುಚ್ಚುತ್ತದೆ, ಒಂಟಿ ಮಂಚಕ್ಕೆ ಚಿಕ್ಕ ಪರದೆ ಸಾಲದು.

ಊಟಕ್ಕೆ ನಿಲ್ದಾಣದ ಹಿಂದಿನ ಓಣಿಯ ಖಾನಾವಳಿಯೇ ಸರಿ. 90 ರೂಪಾಯಿಗೆ ಬಡಿದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ಕೇಳುವ ಮುಂಚೆಯೇ ಇನ್ನೊಂದು ರೊಟ್ಟಿ ತಟ್ಟೆಗೆ ಬೀಳುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಆದರೆ ಹೊರಗಿನ ಬೆಂಚಿನಲ್ಲಿ ಕೂರಬೇಡಿ. ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ, ಅದರಲ್ಲೂ ಪಾದ, ಕಣಕಾಲಿಗೆ. ಒಳಗೆ ಫ್ಯಾನಿನ ಕೆಳಗೆ ಕೂತರೆ ಗಾಳಿಗೆ ಸೊಳ್ಳೆ ನಿಲ್ಲದು.

ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ನೋಡಲು ಚಳಿಗಾಲದ ನಸುಕಿನಲ್ಲೇ ಹೋಗಬೇಕು. ಕಾಲುಚೀಲ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಸೊಳ್ಳೆ ಓಡಿಸುವ ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಬೆವರಿಗೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು.

ಕಚ್ಚಿದ ಏಳು ದಿನದೊಳಗೆ ಬಂದ ಜ್ವರ ಆ ಕಡಿತದ ಮಲೇರಿಯಾ ಆಗಿರುವುದು ತೀರಾ ಅಪರೂಪ. ಡೆಂಗಿ ಇರಬಹುದು, ವೈದ್ಯರಿಗೆ ತೋರಿಸಿ. ಆಮೇಲೆ ತಿಂಗಳು ಕಳೆದು ಬಂದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಲೇಪನ ಪರೀಕ್ಷೆ ಮಾಡಿಸಿ, ಪ್ರವಾಸದ ಮಾತು ಹೇಳಿ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಅಂತ ಬಂದರೆ ವೈದ್ಯರು ಸಾಮಾನ್ಯವಾಗಿ 14 ದಿನದ ಪ್ರಿಮಾಕ್ವಿನ್ ಗುಳಿಗೆ ಬರೆಯುತ್ತಾರೆ. ಗರ್ಭಿಣಿಯರಿಗೆ ಅದು ಕೂಡದು. ಮೂರನೇ ದಿನ ಜ್ವರ ಬಿಟ್ಟಿತೆಂದು ಗುಳಿಗೆ ನಿಲ್ಲಿಸಿದರೆ, ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳ ನಂತರ ಮತ್ತೆ ಎದ್ದು ಚಳಿಜ್ವರ ಮರುಕಳಿಸಬಹುದು.