ಹತ್ತು ನಿಮಿಷದ ಭಾಷಣ, ಅಜ್ಜನ ಪಾಟಿ

ನವೆಂಬರ್ 1ಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾವುಟ ಹಾರಿಸಿದ ಮೇಲೆ ಹತ್ತು ನಿಮಿಷ ಮಾತಾಡ್ತೀರಾ ಅಂತ ಸಂಘದವರು ಕೇಳಿದಾಗ ಹೂಂ ಅಂದುಬಿಟ್ಟೆ. ಹತ್ತು ನಿಮಿಷ ತಾನೇ ಅನ್ನಿಸಿತ್ತು. ಮೂರು ವಾರದಿಂದ ತಲೆಯಲ್ಲಿ ಅದೊಂದೇ ಕೂತಿದೆ, ಪಾತ್ರೆ ತೊಳೆಯುವಾಗಲೂ ಬಾಯಿ ತನ್ನಷ್ಟಕ್ಕೆ ತಾನು ಮಾತಾಡುತ್ತಿರುತ್ತದೆ.

ಮೊದಲು ಇಸವಿಗಳನ್ನು ಬರೆದುಕೊಂಡೆ. 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘ, 1915ರಲ್ಲಿ ಸಾಹಿತ್ಯ ಪರಿಷತ್ತು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದ್ದು, 1956ರ ಏಕೀಕರಣ, 1973ರಲ್ಲಿ ಕರ್ನಾಟಕ ಅನ್ನೋ ಹೆಸರು. ನಾಲ್ಕು ಪುಟ ಆಯಿತು. ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದರೆ ಹದಿನಾಲ್ಕು ನಿಮಿಷ, ಅದೂ ಎಲ್ಲೂ ನಿಲ್ಲದೆ ಓದಿದ್ದಕ್ಕೆ. ‘ರಾಜ್ಯ ಪುನರ್ವಿಂಗಡಣಾ ಆಯೋಗ’ ಅನ್ನುವಲ್ಲಿ ಮೂರು ಸಲವೂ ನಾಲಿಗೆ ತೊಡರಿತು. ಕೊನೆಗೆ ಅದನ್ನು ತೆಗೆದು ‘ಫಜಲ್ ಅಲಿ ಆಯೋಗ’ ಅಂತ ಅದರ ಅಧ್ಯಕ್ಷರ ಹೆಸರನ್ನೇ ಹಾಕಿಕೊಂಡೆ.

ಒಂದು ರಾತ್ರಿ ಊರಿಗೆ ಫೋನ್ ಹಚ್ಚಿ ಅವ್ವನಿಗೆ ಪೂರ್ತಿ ಓದಿದೆ. ನಮ್ಮದು ರಾಯಚೂರು ಜಿಲ್ಲೆ, ಲಿಂಗಸೂಗೂರು ಕಡೆ. ಅವ್ವ ಸುಮ್ನೆ ಕೇಳಿದಳು. ಆಮೇಲೆ, ‘ಇದೆಲ್ಲಾ ನಾವು ಸಾಲ್ಯಾಗ ಓದೀವಿ ಬಿಡವ್ವ. ನಮ್ಮಪ್ಪಂದು ಯಾಕ ಹಾಕಿಲ್ಲ?’ ಅಂದಳು.

ಆಗ ನೆನಪಾಯಿತು. ಅಜ್ಜ ಓದಿದ್ದು ನಿಜಾಮರ ಕಾಲದಲ್ಲಿ, ಉರ್ದು ಶಾಲೆಯಲ್ಲಿ, ನಾಲ್ಕನೇ ಇಯತ್ತೆವರೆಗೆ. ಮನೆಯಲ್ಲಿ ಆಡೋದು ಕನ್ನಡ, ಹೊಲದಲ್ಲಿ ಕನ್ನಡ, ಬರೆಯೋದು ಮಾತ್ರ ಉರ್ದು. ಆ ಹೊಲದ ಹಳೇ ಪಹಣಿಯೂ ಉರ್ದುವಿನಲ್ಲೇ ಇದೆ. ಅವ್ವ ಶಾಲೆಗೆ ಸೇರುವಷ್ಟರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷ ಆಗಿತ್ತು, ಅವಳ ಪಾಠವೆಲ್ಲ ಕನ್ನಡದಲ್ಲೇ. ರಾತ್ರಿ ಊಟ ಆದ ಮೇಲೆ ಅಜ್ಜ ಅವಳ ಪಾಟಿ ಇಸಿದುಕೊಂಡು, ಕಂದೀಲಿನ ಬೆಳಕಲ್ಲಿ ಅಕ್ಷರ ತಿದ್ದಲು ಕೂರುತ್ತಿದ್ದರಂತೆ. ಬಳಪ ಹಿಡಿದ ಕೈ ಮೊದಲು ಹೋಗುತ್ತಿದ್ದದ್ದು ಪಾಟಿಯ ಬಲಗಡೆ ಅಂಚಿಗೆ, ಉರ್ದು ಬರೆದು ರೂಢಿ ಅಲ್ವಾ. ಏಳು ವರ್ಷದ ಮಗಳು ಆ ಕೈ ಹಿಡಿದು ಎಡಗಡೆಗೆ ತಂದು ಇಡುತ್ತಿದ್ದಳು. ‘ಇಲ್ಲಿಂದ ಅಪ್ಪಾ, ಇಲ್ಲಿಂದ.’

ಅದನ್ನು ಹೇಳುವಾಗ ಅವ್ವನ ದನಿ ಎಷ್ಟು ಮೆತ್ತಗಾಯಿತು ಅಂದರೆ ನಾನು ಫೋನ್ ಕಿವಿಗೆ ಒತ್ತಿ ಹಿಡಿಯಬೇಕಾಯಿತು.

ನಾಲ್ಕೂ ಪುಟ ಪಕ್ಕಕ್ಕಿಟ್ಟು ಪಾಟಿಯಿಂದಲೇ ಶುರು ಮಾಡಿ ಬರೆದೆ. ಬಿಟ್ಟಿದ್ದ ಇತಿಹಾಸ ಅದರ ಹಿಂದೆಯೇ ಬಂತು. ನಮ್ಮಜ್ಜ ನಿಜಾಮರ ಪ್ರಜೆಯಾಗಿದ್ದ ಆ ದಿನಗಳಲ್ಲಿ ಧಾರವಾಡದ ಹುಡುಗ ಮುಂಬೈ ಪ್ರಾಂತ್ಯದವನು, ಮಂಗಳೂರಿನವನು ಮದ್ರಾಸಿನವನು, ಮೈಸೂರಿನವನಿಗೆ ಮಹಾರಾಜರು, ಕೊಡಗಿನದೇ ಬೇರೆ ಆಡಳಿತ. ಎಲ್ಲರೂ ಕನ್ನಡ ಆಡುವವರೇ. ಇಷ್ಟು ಹೇಳಿದರೆ ಏಕೀಕರಣ ಯಾಕೆ ಬೇಕಾಗಿತ್ತು ಅಂತ ಬೇರೆ ವಿವರಿಸಬೇಕಿಲ್ಲ. ಕೇಳುವವರಲ್ಲೂ ಅರ್ಧದಷ್ಟು ಜನ ಬೇರೆ ಕಡೆಯಿಂದ ಬಂದು, ಈಗೀಗ ಕನ್ನಡ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುತ್ತಿರುವವರು. ದೊಡ್ಡವರಾದ ಮೇಲೆ ಹೊಸ ಲಿಪಿ ಕಲಿಯೋದು ಏನು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಒಂದು ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿದ್ದೀನಿ. ಉರ್ದುವನ್ನು ಬೈದು ಕನ್ನಡವನ್ನು ಹೊಗಳುವ ಭಾಷಣ ನನಗೆ ಬೇಡ. ಅಜ್ಜ ಕೊನೆವರೆಗೂ ಸಹಿ ಹಾಕಿದ್ದು ಉರ್ದುವಿನಲ್ಲೇ, ಆ ಅಕ್ಷರದ ಮೇಲೆ ಅವರಿಗೆ ಪ್ರೀತಿ ಇತ್ತು. ಅದನ್ನೂ ಹೇಳ್ತೀನಿ.

ಈಗ ಕೈಯಲ್ಲಿರೋದು ಒಂದು ಪೋಸ್ಟ್‌ಕಾರ್ಡಿನಷ್ಟು ಕಾಗದ, ಅದರ ಮೇಲೆ ಆರು ಪದ. ಮೊದಲ ವಾಕ್ಯ, ಕೊನೆಯ ವಾಕ್ಯ ಬಾಯಿಪಾಠ ಮಾಡಿದ್ದೀನಿ, ನಡುವಿನದು ಪ್ರತಿ ಸಲ ಸ್ವಲ್ಪ ಬೇರೆ ಬರುತ್ತೆ, ಬರಲಿ. ‘ವೇದಿಕೆ ಮೇಲಿರುವ ಗಣ್ಯರೇ’ ಅಂತ ಒಬ್ಬೊಬ್ಬರ ಹೆಸರು ಹೇಳುತ್ತಾ ಎರಡು ನಿಮಿಷ ಕಳೆಯೋದು ಬೇಡ ಅಂತ ‘ಎಲ್ಲರಿಗೂ ನಮಸ್ಕಾರ’ ಸಾಕು ಮಾಡಿದೆ. ನಿನ್ನೆ ಸಂಜೆ ತಾರಸಿಯಲ್ಲಿ ನಿಂತು ಹೇಳಿದೆ, ಯಜಮಾನರು ಆ ತುದಿಯಲ್ಲಿ ನೀರಿನ ಟ್ಯಾಂಕಿನ ಹತ್ತಿರ ನಿಂತು ಕೇಳಿದರು. ಒಂಬತ್ತು ನಿಮಿಷ ಚಿಲ್ಲರೆ. ‘ಇಲ್ಲಿಂದ ಅಪ್ಪಾ’ ಅನ್ನೋ ಜಾಗದಲ್ಲಿ ಗಂಟಲು ಕಟ್ಟುತ್ತೆ, ಎಂಟು ಸಲ ಹೇಳಿದ ಮೇಲೂ. ಅಲ್ಲಿ ಒಂದು ಉಸಿರು ತಗೊಂಡು ಮುಂದೆ ಹೋಗಬೇಕು ಅಂತ ಕಾಗದದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದೀನಿ.

ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಅವ್ವ ವಿಡಿಯೋ ಕಳಿಸು ಅಂದಿದ್ದಾಳೆ.